ಪುಕ್ಕಟೆ ತಂತ್ರಾಂಶಕ್ಕೆ ಹಣ ಏಕೆ?

ಮುಕ್ತ ತಂತ್ರಾಂಶದ ಬಗೆಗಿನ ನಮ್ಮ ಚರ್ಚೆಯ ಚಿತ್ರೀಕರಣ ಮುಗಿದು ದೀಪಗಳನ್ನು ಆರಿಸುವ ಹೊತ್ತಿಗೆ, ಪ್ರೇಕ್ಷಕರ ಸಾಲಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ಲಿನಕ್ಸ್ ಪುಕ್ಕಟೆ ಅಂತೀರಿ. ಮತ್ತೆ ಅದನ್ನೇ ಮಾರಿ ಕಂಪನಿಗಳು ಬದುಕೋದು ಹೇಗೆ?” ಕಾರ್ಯಕ್ರಮದಲ್ಲಿ ಬರಬೇಕಾಗಿದ್ದ ಪ್ರಶ್ನೆ, ಕ್ಯಾಮೆರಾ ನಿಂತ ಮೇಲೆ ಬಂತು. ಆದ್ದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ತಂತ್ರಾಂಶಕ್ಕೆ ಎರಡು ರೂಪಗಳಿವೆ ಎಂಬುದು ನಿಮಗೆ ಗೊತ್ತು. ಬರೆದವರು ಓದಬಲ್ಲ ಸೋರ್ಸ್ ಕೋಡ್ ಒಂದು. ಅದನ್ನು ಕಂಪೈಲ್ ಮಾಡಿದಾಗ ಸಿಗುವ, ಯಂತ್ರ ನಡೆಸಬಲ್ಲ ರೂಪ ಇನ್ನೊಂದು. ಮನೆಯ ಸಾರಿನ ಪುಡಿಯನ್ನು ನೆನೆಸಿಕೊಳ್ಳಿ. ಕೊತ್ತಂಬರಿ ಎಷ್ಟು, ಮೆಣಸಿನಕಾಯಿ ಎಷ್ಟು ಎಂಬ ಅಳತೆಯ ಚೀಟಿ ಸೋರ್ಸ್ ಕೋಡ್. ಡಬ್ಬಿಯಲ್ಲಿರುವ ಪುಡಿ ಕಂಪೈಲ್ ಆದ ರೂಪ. ಪುಡಿಯನ್ನು ನೋಡಿ ಅಳತೆ ಹೇಳುವುದು ಕಷ್ಟ. ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ರೂಪಿಸಿದ ಜಿಪಿಎಲ್ ಪರವಾನಗಿಯ ಪ್ರಕಾರ, ಪುಡಿ ಪಡೆದವರಿಗೆ ಅಳತೆಯ ಚೀಟಿಯೂ ಸಿಗಬೇಕು. ಅವರು ಅದನ್ನು ತಿದ್ದಬಹುದು, ಇತರರಿಗೆ ಹಂಚಬಹುದು. ಹಣ ಪಡೆಯಬಾರದು ಎಂದು ಮಾತ್ರ ಅದು ಎಲ್ಲಿಯೂ ಹೇಳುವುದಿಲ್ಲ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, ಮರುವರ್ಷ ಇದೇ ಪರವಾನಗಿಯಡಿ ಬಂತು.

ಅಮೆರಿಕದ ರೆಡ್ ಹ್ಯಾಟ್ ಕಂಪನಿ ಮೊದಲಿಗೆ ಲಿನಕ್ಸನ್ನು ಸಿ.ಡಿ.ಗಳಲ್ಲಿ ತುಂಬಿ, ಪೆಟ್ಟಿಗೆಯಲ್ಲಿಟ್ಟು ಮಾರುತ್ತಿತ್ತು. 2003ರಲ್ಲಿ ಅದನ್ನು ಕೈಬಿಟ್ಟು ಎರಡು ದಾರಿ ಹಿಡಿಯಿತು. ಒಂದು ‘ಫೆಡೋರಾ’: ಪುಕ್ಕಟೆ, ಸಮುದಾಯದ್ದು, ಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ. ಇನ್ನೊಂದು ‘ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್’: ಚಂದಾ ಕಟ್ಟಿದವರಿಗೆ. ಫೆಡೋರಾದಲ್ಲಿ ಪಳಗಿದ್ದೇ ಕೆಲಕಾಲದ ನಂತರ ಎಂಟರ್‌ಪ್ರೈಸಿಗೆ ಹೋಗುತ್ತದೆ. ಹಾಗಾದರೆ ಚಂದಾ ಯಾವುದಕ್ಕೆ?

ಮುಖ್ಯವಾಗಿ ಕಾಲಕ್ಕೆ. ಫೆಡೋರಾದ ಒಂದು ಆವೃತ್ತಿಗೆ ದುರಸ್ತಿ ಸಿಗುವುದು ಸುಮಾರು 13 ತಿಂಗಳು. ಎಂಟರ್‌ಪ್ರೈಸ್ ಆವೃತ್ತಿಗೆ 10 ವರ್ಷ. ನೇರ ಪ್ರಸಾರದ ದಿನ ನಾವು ಸ್ಟುಡಿಯೋದಲ್ಲಿ ಒಂದು ಹೊಸ ಕೇಬಲ್ಲನ್ನೂ ಸಿಕ್ಕಿಸುವುದಿಲ್ಲ. ಬ್ಯಾಂಕಿಗೆ, ಆಸ್ಪತ್ರೆಗೆ ಪ್ರತಿದಿನವೂ ನೇರ ಪ್ರಸಾರವೇ. ಅವರಿಗೆ ಹೊಸತು ಬೇಡ, ಆದರೆ ಕಳ್ಳರು ನುಗ್ಗುವ ಕಿಂಡಿ ಕಂಡರೆ ಅಂದೇ ಮುಚ್ಚಬೇಕು. ತೊಂದರೆ ಇರುವುದು ಇಲ್ಲಿಯೇ. ಮೂಲ ಲೇಖಕರು ಕಿಂಡಿ ಮುಚ್ಚುವುದು ಸಾಮಾನ್ಯವಾಗಿ ಇಂದಿನ ಹೊಸ ಆವೃತ್ತಿಯಲ್ಲಿ. ಏಳು ವರ್ಷ ಹಳೆಯ ಆವೃತ್ತಿಯಲ್ಲಿ ಆ ಸಾಲುಗಳ ಅಕ್ಕಪಕ್ಕವೇ ಬೇರೆಯಾಗಿರುತ್ತದೆ. ತೇಪೆಯನ್ನು ಹಳೆಯ ಬಟ್ಟೆಯ ಅಳತೆಗೆ ಕತ್ತರಿಸಿ, ಉಳಿದ ಹೊಲಿಗೆ ಬಿಚ್ಚದಂತೆ ಹಚ್ಚಿ, ಪರೀಕ್ಷಿಸಬೇಕು. ಇದನ್ನು ಬ್ಯಾಕ್‌ಪೋರ್ಟಿಂಗ್ ಎನ್ನುತ್ತಾರೆ. ಹೊಸತನ್ನು ಬರೆಯಲು ಉತ್ಸಾಹಿಗಳು ಸಿಗುತ್ತಾರೆ. ಈ ಬೇಸರದ ಕೆಲಸವನ್ನು ಹತ್ತು ವರ್ಷ ಮಾಡಲು ಸಂಬಳವೇ ಬೇಕು. ಚಂದಾ ಹೋಗುವುದು ಬಹುಪಾಲು ಇಲ್ಲಿಗೆ, ಮತ್ತು ಕೆಟ್ಟಾಗ ಫೋನೆತ್ತುವವರಿಗೆ.

ಈಗ ಕಥೆಯ ತಿರುವು. ಸೋರ್ಸ್ ಕೋಡ್ ಬಹಿರಂಗವಾಗಿದ್ದುದರಿಂದ, 2004ರಲ್ಲಿ ‘ಸೆಂಟ್‌ಓಎಸ್’ ಎಂಬ ಸಮುದಾಯದ ಪೊಟ್ಟಣ ಬಂತು. ಎಂಟರ್‌ಪ್ರೈಸಿನದೇ ಅಳತೆ, ಮನೆಯಲ್ಲೇ ಕುಟ್ಟಿದ ಪುಡಿ. ರೆಡ್ ಹ್ಯಾಟಿನ ಹೆಸರು, ಲಾಂಛನಗಳನ್ನು ಮಾತ್ರ ತೆಗೆಯಬೇಕಾಗಿತ್ತು. ಪರವಾನಗಿ ಕೋಡನ್ನು ಕೊಡುತ್ತದೆಯೇ ಹೊರತು ವ್ಯಾಪಾರ ಚಿಹ್ನೆಯನ್ನಲ್ಲ. ಹೀಗಾಗಿ ಆ ಜನ ‘ಉತ್ತರ ಅಮೆರಿಕದ ಪ್ರಮುಖ ಮಾರಾಟಗಾರರು’ ಎಂದು, ಗಂಡನ ಹೆಸರು ಹೇಳದ ಹಳೆಯ ಕಾಲದ ಗೃಹಿಣಿಯರಂತೆ ಬರೆಯುತ್ತಿದ್ದರು! 2014ರಲ್ಲಿ ರೆಡ್ ಹ್ಯಾಟ್ ಈ ಬಳಗವನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡಿತು. 2019ರಲ್ಲಿ ಐಬಿಎಂ, 3,400 ಕೋಟಿ ಡಾಲರ್ ಕೊಟ್ಟು ರೆಡ್ ಹ್ಯಾಟನ್ನೇ ಕೊಂಡಿತು.

2019ರ ಸೆಪ್ಟೆಂಬರಿನಲ್ಲಿ ಸೆಂಟ್‌ಓಎಸ್ 8 ಬಂದಾಗ ದುರಸ್ತಿಯ ಗಡುವು 2029 ಎಂದಿತ್ತು. 2020ರ ಡಿಸೆಂಬರಿನಲ್ಲಿ ಅದನ್ನು 2021ರ ಕೊನೆಗೆ ಇಳಿಸಿದರು. ಅದರ ಬದಲಿಗೆ ಉಳಿದದ್ದು ‘ಸೆಂಟ್‌ಓಎಸ್ ಸ್ಟ್ರೀಮ್’. ಇದು ಎಂಟರ್‌ಪ್ರೈಸಿನ ಹಿಂದೆ ಬರುವ ನಕಲಲ್ಲ, ಸ್ವಲ್ಪ ಮುಂದೆ ಓಡುವ ತಯಾರಿ. ಪೆಟ್ಟು ಬಿದ್ದವರಲ್ಲಿ ಭೌತವಿಜ್ಞಾನಿಗಳೂ ಇದ್ದರು. ಅಮೆರಿಕದ ಫರ್ಮಿಲ್ಯಾಬ್, ಯೂರೋಪಿನ ಸೆರ್ನ್ ಪ್ರಯೋಗಾಲಯಗಳು ತಾವೇ ಕಟ್ಟಿಕೊಂಡಿದ್ದ ‘ಸೈಂಟಿಫಿಕ್ ಲಿನಕ್ಸ್’ ಅನ್ನು ಮುಂದುವರಿಸದೆ, ಸೆಂಟ್‌ಓಎಸ್‌ಗೆ ಹೋಗಲು ನಿರ್ಧರಿಸಿದ್ದವು.

ಇಲ್ಲಿ ಕೋಡಿನ ಒಂದು ಸಾಲೂ ಯಾರ ಕೈಯಿಂದಲೂ ಹೋಗಲಿಲ್ಲ ಎಂಬುದನ್ನು ಗಮನಿಸಿ. ಹೋದದ್ದು ಏಳು ವರ್ಷಕ್ಕೂ ಹೆಚ್ಚಿನ ಭರವಸೆ. ಪರವಾನಗಿ ಕೋಡನ್ನು ಕಾಯುತ್ತದೆ, ಭರವಸೆಯನ್ನು ಕಾಯುವುದಿಲ್ಲ.

ಕೋಡ್ ಉಳಿದುದರಿಂದಲೇ ಬೇರೆಯವರು ಕೈಹಾಕಲು ಸಾಧ್ಯವಾಯಿತು. ಸೆಂಟ್‌ಓಎಸ್ ಸ್ಥಾಪಕರಲ್ಲೊಬ್ಬರಾದ ಗ್ರೆಗರಿ ಕರ್ಟ್ಜರ್ ‘ರಾಕಿ ಲಿನಕ್ಸ್’ ಆರಂಭಿಸಿದರು. ತೀರಿಕೊಂಡ ಸಹಸ್ಥಾಪಕ ರಾಕಿ ಮೆಗಾ ಅವರ ನೆನಪಿಗೆ ಆ ಹೆಸರು. ‘ಅಲ್ಮಾಲಿನಕ್ಸ್’ ಇನ್ನೊಂದು. ಎರಡೂ 2021ರಲ್ಲಿ ಹೊರಬಂದವು. ಸೆರ್ನ್, ಫರ್ಮಿಲ್ಯಾಬ್‌ಗಳು 2022ರ ಡಿಸೆಂಬರಿನಲ್ಲಿ ತಮ್ಮ ಪ್ರಯೋಗಗಳಿಗೆ ಅಲ್ಮಾವನ್ನು ಆರಿಸಿಕೊಂಡವು.

2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ಇನ್ನೊಂದು ಹೆಜ್ಜೆ ಇಟ್ಟಿತು. ಎಂಟರ್‌ಪ್ರೈಸಿನ ನಿಖರ ಸೋರ್ಸ್ ಇನ್ನು ಗ್ರಾಹಕರಿಗೆ ಮಾತ್ರ, ಸಾರ್ವಜನಿಕರಿಗೆ ಸ್ಟ್ರೀಮ್‌ನದು ಎಂದಿತು. ದುಡಿಮೆ ತಮ್ಮದು, ನಕಲು ತೆಗೆಯುವವರು ಏನನ್ನೂ ಸೇರಿಸುವುದಿಲ್ಲ ಎಂಬುದು ಅವರ ವಾದ. ಬ್ಯಾಕ್‌ಪೋರ್ಟಿಂಗ್ ಎಷ್ಟು ಕಷ್ಟವೆಂದು ಬಲ್ಲವರು ಇದನ್ನು ತಳ್ಳಿಹಾಕಲಾರರು. ಆದರೆ ಆ ಪುಡಿಯ ಅಳತೆ ಬಂದದ್ದೂ ಸಾವಿರಾರು ಹೊರಗಿನವರ ಕೈಯಿಂದ. ಗಡುವನ್ನು ನಡುದಾರಿಯಲ್ಲಿ ಕಡಿದದ್ದಂತೂ ನನಗೆ ಇಂದಿಗೂ ಸರಿ ಎನಿಸುವುದಿಲ್ಲ.

ಆ ವಿದ್ಯಾರ್ಥಿನಿಗೂ ನಿಮಗೂ ಒಂದು ಚಿಕ್ಕ ಕೆಲಸ. ನಿಮ್ಮ ಕಾಲೇಜಿನ ಸರ್ವರ್‌ನಲ್ಲಿ ಯಾವ ಲಿನಕ್ಸ್ ಇದೆ, ಎಷ್ಟನೆಯ ಆವೃತ್ತಿ ಎಂದು ಪ್ರಯೋಗಾಲಯದವರನ್ನು ಕೇಳಿ. ಸೆಂಟ್‌ಓಎಸ್ 7 ಎಂದರೆ, ಅದಕ್ಕೆ ಸಮುದಾಯದ ದುರಸ್ತಿ 2024ರ ಜೂನ್ 30ಕ್ಕೇ ನಿಂತಿದೆ. ಯಂತ್ರ ಇಂದಿಗೂ ಚೆನ್ನಾಗಿಯೇ ಓಡುತ್ತಿರಬಹುದು.