ಹಳೆ ಜೀಪಿಗೆ ವೆಲ್ಡಿಂಗ್: ಎಲ್ಲಿ ಹಾಕಬಹುದು, ಎಲ್ಲಿ ಮುಟ್ಟಬಾರದು?



ನೀವು ಮುಂಬೈಯಲ್ಲಿರಿ, ಚೆನ್ನೈಯಲ್ಲಿರಿ, ಮಲೆನಾಡಿನವರಾದರೆ ಊರು ಎಂದ ಕೂಡಲೇ ಕಿವಿಗೆ ಬರುವ ಸದ್ದುಗಳಲ್ಲಿ ಜೀಪಿನದೂ ಒಂದು. ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆಯ ತೋಟಗಳಲ್ಲಿ ಗೊಬ್ಬರ, ಕಾಫಿ ಮೂಟೆ, ಶಾಲೆ ಮಕ್ಕಳು, ಎಲ್ಲವನ್ನೂ ಹೊತ್ತ ಗಾಡಿ ಅದು. ನಮ್ಮ ದೇಶದಲ್ಲಿ ಅದರ ಕಥೆ ಮುಂಬೈಗೂ ಸೇರಿದ್ದು. 1949ರಲ್ಲಿ ಮಹೀಂದ್ರ ಕಂಪನಿ ಅಮೆರಿಕದ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮಝಗಾಂವ್‌ನಲ್ಲಿ ಜೋಡಿಸುತ್ತಿತ್ತು.

ಈಗ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ರಜೆಗೆ ಹೋದಾಗ ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತ ಜೀಪನ್ನು ನಾವೇ ಸರಿಮಾಡೋಣ ಎಂಬ ಆಸೆ ಬರುವುದು ಸಹಜ. ಮಾಡಿ, ತಪ್ಪಿಲ್ಲ. ಆದರೆ ವೆಲ್ಡಿಂಗ್ ಕಲಿಯುವ ಜಾಗ ಜೀಪಲ್ಲ.

ಮೊದಲು ಸ್ಟೂಲು, ಆಮೇಲೆ ಜೀಪು

ಮೂರು ಮಿಲಿಮೀಟರ್ ದಪ್ಪದ ಆಂಗಲ್ ತಂದು ಒಂದು ಸ್ಟೂಲೋ ಹೂಕುಂಡದ ಸ್ಟ್ಯಾಂಡೋ ಮಾಡಿ ನೋಡಿ. 2.5 ಮಿ.ಮೀ. ರಾಡಿಗೆ ಸುಮಾರು 60ರಿಂದ 90 ಆಂಪಿಯರ್ ಸಾಕು. ಮೆಷಿನ್ನನ್ನು 5 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಬೇಡಿ. ಸರಿಯಾದ ಅರ್ತಿಂಗ್ ಇರುವ 15 ಆಂಪಿಯರ್ ಪ್ರತ್ಯೇಕ ಲೈನ್ ಬೇಕು.

ಹೊಸಬರ ವೆಲ್ಡಿಂಗ್ ಎಷ್ಟೋ ಸಲ ಮೇಲೆ ಅಂದ, ಒಳಗೆ ಟೊಳ್ಳು. ಪರೀಕ್ಷೆ ಸುಲಭ. ಎರಡು ತುಂಡುಗಳನ್ನು ಒಂದೇ ಬದಿಯಲ್ಲಿ ಬೆಸೆಯಿರಿ. ತಣ್ಣಗಾದ ಮೇಲೆ ವೈಸ್‌ನಲ್ಲಿ ಹಿಡಿದು, ಬೆಸುಗೆಯ ಬುಡ ಬಾಯಿ ಬಿಡುವ ಹಾಗೆ ಸುತ್ತಿಗೆಯಿಂದ ಬಡಿಯಿರಿ. ಕಬ್ಬಿಣ ಬಾಗಿಯೂ ಬೆಸುಗೆ ನಿಂತರೆ ಪಾಸು. ಬೆಸುಗೆ ಸಿಪ್ಪೆಯಂತೆ ಕಳಚಿದರೆ ಇನ್ನೂ ಕಲಿಯುವುದಿದೆ.

ಜೀಪಿಗೆ ಕೈ ಹಾಕುವ ಮುನ್ನ

ಬ್ಯಾಟರಿಯ ವೈರ್ ಕಳಚಿ, ನೆಗೆಟಿವ್ ಮೊದಲು. ಆಲ್ಟರ್ನೇಟರ್ ವೈರನ್ನೂ ಬಿಚ್ಚಿದರೆ ಒಳ್ಳೆಯದು. ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಿಡಿಸಿ. ದೂರದಲ್ಲಿ ಹಿಡಿಸಿದರೆ ಕರೆಂಟ್ ಬೇರಿಂಗ್‌ಗಳ ಮೂಲಕ ಹರಿದು ಅವನ್ನು ಹಾಳುಮಾಡಬಹುದು.

ತಳದ ತಗಡು ತೆಳು. ದಪ್ಪ ರಾಡ್ ಹಿಡಿದರೆ ರಿಪೇರಿಯ ಬದಲು ತೂತು ದೊಡ್ಡದಾಗುತ್ತದೆ. ತುಕ್ಕನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. 2 ಮಿ.ಮೀ. ರಾಡಿನಿಂದ, ಕಡಿಮೆ ಕರೆಂಟಿನಲ್ಲಿ, ಅಲ್ಲಲ್ಲಿ ಚುಕ್ಕೆ ಇಟ್ಟಂತೆ ಬೆಸೆಯಿರಿ. ಒಂದು ಕಡೆ ತಣ್ಣಗಾಗುವಾಗ ಇನ್ನೊಂದು ಕಡೆ ಕೆಲಸ ಮಾಡಿದರೆ ತಗಡು ಸೊಟ್ಟಗಾಗದು. ಮಿಗ್ ಮೆಷಿನ್ ಸಿಕ್ಕರೆ ಈ ಕೆಲಸಕ್ಕೆ ಅದೇ ಮೇಲು. ಕೊನೆಗೆ ಎರಡೂ ಬದಿಗೆ ರೆಡ್ ಆಕ್ಸೈಡ್ ಬಳಿಯಿರಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಮತ್ತೆ ತುಕ್ಕು.

ಕಣ್ಣು, ಉಸಿರು, ಬೆಂಕಿ

ಕೂಲಿಂಗ್ ಗ್ಲಾಸ್ ಹಾಕಿ ವೆಲ್ಡಿಂಗ್ ಮಾಡುವವರನ್ನು ನೀವು ನೋಡಿರುತ್ತೀರಿ. ಅದು ಸಾಲದು. 10 ಅಥವಾ 11ನೇ ಶೇಡ್ ಗಾಜಿನ ಹೆಲ್ಮೆಟ್ ಬೇಕು. ಇಲ್ಲದಿದ್ದರೆ ಆವತ್ತು ರಾತ್ರಿಯೇ ಕಣ್ಣಿಗೆ ಮರಳು ಬಿದ್ದಂಥ ಉರಿ. ಪಕ್ಕದಲ್ಲಿ ನೋಡುತ್ತ ನಿಂತ ಮಕ್ಕಳಿಗೂ ಅಷ್ಟೇ. ಜಿ.ಐ. ತಗಡಿನ ಸತುವಿನ ಹೊಗೆ ಸೇವಿಸಿದರೆ ಚಳಿಜ್ವರ ಬರುತ್ತದೆ. ಬೆಸೆಯುವ ಕಡೆ ಸತುವನ್ನು ಉಜ್ಜಿ ತೆಗೆದು, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ.

ಇಂಧನದ ಟ್ಯಾಂಕಿಗೆ ಮಾತ್ರ ಯಾವತ್ತೂ ವೆಲ್ಡಿಂಗ್ ಬೇಡ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿದು ಪ್ರಾಣ ತೆಗೆಯಬಲ್ಲದು. ಹತ್ತಿರ ಮರಳಿನ ಬಕೆಟ್ ಇರಲಿ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇದ್ದು, ಎಲ್ಲೂ ಕಿಡಿ ಹೊಗೆಯಾಡುತ್ತಿಲ್ಲವೆಂದು ನೋಡಿ.

ನಮ್ಮ ಕೈಗೆ ಬಿಡಬಾರದ ಕೆಲಸ

ಚಾಸಿ, ಸ್ಟಿಯರಿಂಗ್, ಬ್ರೇಕ್, ಆಕ್ಸಲ್, ಸೀಟ್ ಬೆಲ್ಟಿನ ಹಿಡಿ, ಇವು ಅನುಭವಿಗಳ ಪಾಲಿಗಿರಲಿ. ಎಳೆಯುವ ಹುಕ್ ಕೂಡ. ಕೆಸರಿನಲ್ಲಿ ಹೂತ ಜೀಪನ್ನು ಇನ್ನೊಂದು ಜೀಪು ಎಳೆಯುವಾಗ ಹಗ್ಗ ಬಿಗಿಯುತ್ತದೆ. ಆಗ ಮನೆಯಲ್ಲಿ ಬೆಸೆದ ಹುಕ್ ಕಿತ್ತು ಬಂದರೆ ಅದು ಕವಣೆಯಿಂದ ಹೊರಟ ಕಲ್ಲು. ಎದುರಿಗಿದ್ದವರು ಉಳಿಯುವುದು ಕಷ್ಟ. ಹುಕ್ಕನ್ನು ಚಾಸಿಗೆ ಹೈ ಟೆನ್ಸೈಲ್ ಬೋಲ್ಟಿನಿಂದಲೇ ಕೂರಿಸಿ. ಎಳೆಯುವಾಗ ಯಾರನ್ನೂ ಹಗ್ಗದ ಹತ್ತಿರ ನಿಲ್ಲಲು ಬಿಡಬೇಡಿ.

ಕಾನೂನನ್ನೂ ಮರೆಯಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ರಚನೆ ಬದಲಿಸುವುದಕ್ಕೆ ಕಡಿವಾಣ ಹಾಕಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಮುಂದುಗಡೆಯ ಬುಲ್ ಬಾರ್ ಕಾನೂನುಬಾಹಿರವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ತಿಳಿಸಿದೆ. ತೂತು ಮುಚ್ಚುವುದು ರಿಪೇರಿ. ಗಾಡಿಯ ಆಕಾರವನ್ನೇ ಬದಲಿಸುವುದು ಬೇರೆ ಮಾತು.

ಈ ಸಲ ಊರಿಗೆ ಹೋದಾಗ ಮೊದಲು ಆ ಸ್ಟೂಲು ಮಾಡಿ. ಅದರ ಮೇಲೆ ನೀವೇ ಕೂತು ನೋಡಿ. ಅದು ನಿಮ್ಮ ಭಾರ ತಡೆದರೆ ಜೀಪಿನ ತಳಕ್ಕೆ ತೇಪೆ ಹಾಕುವ ಧೈರ್ಯ ತಾನಾಗಿ ಬರುತ್ತದೆ. ಹೇಗಾಯಿತೆಂದು ನಮಗೂ ಬರೆದು ತಿಳಿಸಿ.