ಅಂತರ್ಜಾಲದಲ್ಲೊಂದು ನಾಮಕರಣ

ಮಗುವಿಗೆ ಹೆಸರಿಡುವಾಗ ನಾವು ಪಂಚಾಂಗವನ್ನು ನೋಡುತ್ತೇವೆ, ಜನ್ಮನಕ್ಷತ್ರವನ್ನು ವಿಚಾರಿಸುತ್ತೇವೆ, ಅಜ್ಜನ ಹೆಸರೋ ಮನೆದೇವರ ಹೆಸರೋ ಎಂದು ಎರಡು ದಿನ ಚರ್ಚೆ ನಡೆಸುತ್ತೇವೆ. ಆದರೆ ಆ ಹೆಸರು ಈಗಾಗಲೇ ಬೇರೆ ಯಾರಿಗಾದರೂ ಇದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಒಂದೇ ಬೀದಿಯಲ್ಲಿ ನಾಲ್ವರು ಲಕ್ಷ್ಮಮ್ಮನವರಿದ್ದರೆ ಒಬ್ಬರು ಮೂಲೆಮನೆ ಲಕ್ಷ್ಮಮ್ಮ, ಇನ್ನೊಬ್ಬರು ಮಹಡಿಮನೆ ಲಕ್ಷ್ಮಮ್ಮ ಆಗುತ್ತಾರೆ. ಲೋಕವ್ಯವಹಾರ ಸುಗಮವಾಗಿ ಸಾಗುತ್ತದೆ. ಅಂಗಡಿಗಳ ವಿಷಯವೂ ಹೀಗೆಯೇ. ಮೈಸೂರಿನಲ್ಲೊಂದು, ಮಂಡ್ಯದಲ್ಲೊಂದು, ತುಮಕೂರಿನಲ್ಲೊಂದು ‘ಶ್ರೀ ಲಕ್ಷ್ಮೀ ವೆಂಕಟೇಶ್ವರ ಸ್ಟೋರ್ಸ್’ ಇದ್ದ ಮಾತ್ರಕ್ಕೆ ಯಾರ ವ್ಯಾಪಾರಕ್ಕೂ ಭಂಗ ಬರುವುದಿಲ್ಲ.

ಅಂತರ್ಜಾಲದಲ್ಲಿ ಈ ಔದಾರ್ಯ ನಡೆಯದು. ಅಲ್ಲಿ ಒಂದು ವಿಳಾಸ ಜಗತ್ತಿಗೆಲ್ಲ ಒಬ್ಬರಿಗೇ. ಮೊದಲು ಕೇಳಿದವರಿಗೆ ಅದು ಸಲ್ಲುತ್ತದೆ. ಎರಡನೆಯವರು ಬೇರೆ ಹೆಸರನ್ನು ಹುಡುಕಿಕೊಳ್ಳಬೇಕು. ಹಪ್ಪಳ ಮಾಡುವವರು, ಸೀರೆ ನೇಯಿಸುವವರು, ಮನೆಯಲ್ಲಿಯೇ ವೀಣೆಯ ಪಾಠ ಹೇಳುವವರು ಎಲ್ಲರೂ ಇಂದು ಒಂದೊಂದು ವೆಬ್‌ಸೈಟನ್ನು ತೆರೆಯುತ್ತಿರುವಾಗ ಈ ಹೊಸ ನಾಮಕರಣದ ಸಮಸ್ಯೆ ಅನೇಕ ಮನೆಗಳ ಬಾಗಿಲಿಗೆ ಬಂದು ನಿಂತಿದೆ.

ಇದಕ್ಕೆ ‘ಡೊಮೈನ್ ನೇಮ್’ ಎಂದು ಹೆಸರು. ಜಾಲದಲ್ಲಿರುವ ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕೆಗಳಿಂದ. ಮನುಷ್ಯರಿಗೆ ಅಷ್ಟು ಅಂಕೆಗಳು ನೆನಪಿರುವುದಿಲ್ಲವಾದ್ದರಿಂದ ಹೆಸರುಗಳು ಹುಟ್ಟಿದುವು. ಮೊದಮೊದಲು ಇಡೀ ಜಾಲದ ಹೆಸರುಗಳೆಲ್ಲ ಒಂದೇ ಪಟ್ಟಿಯಲ್ಲಿ ಅಡಗಿದ್ದುವು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ತಂಡ ಆ ಪಟ್ಟಿಯನ್ನು ನೋಡಿಕೊಳ್ಳುತ್ತಿದ್ದಿತು. ಹೆಸರುಗಳು ಬೆಳೆದು ಪಟ್ಟಿ ಸಾಲದಾದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬಾತ ಇಂದಿನ ಏರ್ಪಾಡನ್ನು ರೂಪಿಸಿದ. ‘ಡಾಟ್ ಕಾಮ್’ ಎಂಬ ಬಾಲವನ್ನು ಹೊತ್ತ ಮೊದಲನೆಯ ಹೆಸರು ನೋಂದಾವಣೆಯಾದುದು 1985ರ ಮಾರ್ಚ್ 15ರಂದು. ಅದು ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ತಯಾರಕರದು. ಅಂದು ಬೇಕಾದ ಹೆಸರನ್ನು ಬೇಕಾದವರು ಪಡೆಯಬಹುದಾಗಿದ್ದಿತು. ಇಂದಾದರೋ, ಇಂಗ್ಲಿಷಿನ 26 ಅಕ್ಷರಗಳಿಂದ ಹೊಸೆಯಬಹುದಾದ 17,576 ಮೂರಕ್ಷರದ ಡಾಟ್ ಕಾಮ್ ಹೆಸರುಗಳೂ ಎಂದೋ ಮುಗಿದುಹೋಗಿವೆ. ಸಂಸ್ಥೆಯ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿಕೊಂಡರೆ ಆಯಿತೆಂದು ಕುಳಿತವರಿಗೆ ಅಲ್ಲಿಯೇ ನಿರಾಶೆ ಕಾದಿದೆ.

ನಮ್ಮ ಬೀದಿಯಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿಗಳನ್ನು ಮಾಡಿ ಮಾರುವ ಗೃಹಿಣಿಯೊಬ್ಬರಿದ್ದಾರೆ. ಅವರ ಸೊಸೆ ವೆಬ್‌ಸೈಟ್ ಮಾಡಿಸಲು ಹೊರಟಾಗ ಅವರು ನನ್ನನ್ನು ಕರೆದು, “ಕನ್ನಡದಲ್ಲಿ ಎಂ.ಎ. ಮಾಡಿದೀರಿ, ಒಂದು ಒಳ್ಳೇ ಹೆಸರು ಹೇಳೋಕಾಗಲ್ವೇನಪ್ಪಾ?” ಎಂದರು. ಅವರ ಮನಸ್ಸಿನಲ್ಲಾಗಲೇ ‘ಸ್ವಾದಿಷ್ಟ’ ಎಂಬ ಹೆಸರು ನೆಲೆಯೂರಿದ್ದಿತು. ಕನ್ನಡದಲ್ಲಿ ಬರೆದರೆ ಅಂದವಾದ ಮಾತೇ ಸರಿ. ಆದರೆ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಲ್ಲ! ಒಂದು ಪರೀಕ್ಷೆ ಮಾಡೋಣವೆಂದೆ. ಸೊಸೆ ಐದು ಮಂದಿ ನೆಂಟರಿಗೆ ಫೋನ್ ಮಾಡಿ ಹೆಸರನ್ನು ಒಂದೇ ಒಂದು ಸಲ ಹೇಳಿ, ಕೇಳಿದಂತೆ ಬರೆದು ಕಳಿಸಿರೆಂದಳು. ಒಬ್ಬರು ಆರಂಭದಲ್ಲಿ ಎಸ್ ಆದ ಮೇಲೆ ಡಬ್ಲ್ಯೂ ಹಾಕಿದರು, ಇನ್ನೊಬ್ಬರು ವಿ ಹಾಕಿದರು. ಒಬ್ಬರು ದೀರ್ಘಕ್ಕೆಂದು ಎರಡು ಎ ಇಟ್ಟರು. ಷಕಾರಕ್ಕೆ ಎಸ್ ಒಂದೇ ಸಾಕೆಂದವರು ಒಬ್ಬರು. ಕೊನೆಯ ಟಕಾರಕ್ಕೂ ಎಚ್ ಸೇರಿಸಿದವರು ಮತ್ತೊಬ್ಬರು. ಐವರಿಂದ ಐದು ಬಗೆ! ಇವರಲ್ಲಿ ನಾಲ್ವರು ಗಿರಾಕಿಗಳಾಗಿದ್ದರೆ, ಹಪ್ಪಳವನ್ನು ಹುಡುಕುತ್ತ ಎಲ್ಲಿ ಹೋಗಿ ಸೇರುತ್ತಿದ್ದರೋ ಹೇಳಬಲ್ಲವರಾರು?

ಕನ್ನಡ ಹೆಸರಿನ ನಿಜವಾದ ತೊಡಕು ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಚಿಕ್ಕದಾಗಿರಲಿ, ನೆನಪಿನಲ್ಲುಳಿಯುವಂತಿರಲಿ ಎಂಬ ಬುದ್ಧಿವಾದವನ್ನು ಇಂಗ್ಲಿಷಿನವರು ಅವರವರಿಗೆ ಹೇಳಿಕೊಂಡಿದ್ದಾರೆ. ನಮಗೂ ಅದು ಬೇಕು. ಆದರೆ ನಮ್ಮದು ಅದಕ್ಕೂ ಹಿಂದಿನ ಕಷ್ಟ. ಡೊಮೈನ್ ಹೆಸರಿನಲ್ಲಿ ಸಾಮಾನ್ಯವಾಗಿ ಇರತಕ್ಕದ್ದು 26 ಇಂಗ್ಲಿಷ್ ಅಕ್ಷರಗಳು, ಹತ್ತು ಅಂಕೆಗಳು ಮತ್ತು ಒಂದು ಅಡ್ಡಗೆರೆ, ಇಷ್ಟೇ. ಚುಕ್ಕೆಗಳ ನಡುವಿನ ಒಂದು ಭಾಗದಲ್ಲಿ 63 ಅಕ್ಷರಗಳಿಗಿಂತ ಹೆಚ್ಚು ಸಲ್ಲದು. ಪದಗಳ ನಡುವೆ ತೆರಪಿಲ್ಲ. ನಾವು ಳಕಾರ, ಣಕಾರಗಳನ್ನು ತೋರಿಸಲು ದೊಡ್ಡಕ್ಷರಗಳನ್ನು ಬಳಸುವುದುಂಟಷ್ಟೆ. ಆ ಉಪಾಯವೂ ಇಲ್ಲಿ ವ್ಯರ್ಥ, ಏಕೆಂದರೆ ದೊಡ್ಡಕ್ಷರ ಸಣ್ಣಕ್ಷರಗಳೆಂಬ ಭೇದವನ್ನು ಈ ಏರ್ಪಾಡು ಎಣಿಸುವುದೇ ಇಲ್ಲ. ಹ್ರಸ್ವ ದೀರ್ಘಗಳು ಒಂದಾಗುತ್ತವೆ, ಲಕಾರ ಳಕಾರಗಳು ಒಂದಾಗುತ್ತವೆ, ತಕಾರ ಟಕಾರಗಳು ಕಲೆತುಹೋಗುತ್ತವೆ.

ಪರಿಣಾಮವನ್ನು ನೋಡಿರಿ. ಧಾನ್ಯದ ವ್ಯಾಪಾರಿ ‘ಬೇಳೆ’ ಎಂದು ಹೆಸರಿಟ್ಟರೆ ಅದು ‘ಬೆಳೆ’ಯೂ ಆಗಬಹುದು, ‘ಬೆಲೆ’ಯೂ ಆಗಬಹುದು. ಹೂವಿನ ವ್ಯಾಪಾರಿ ಮೋಹದಿಂದ ‘ಮಾಲೆ’ ಎಂದರೆ ಕನ್ನಡಿಗರು ಅದನ್ನು ‘ಮಳೆ’ ಎಂದೋ ‘ಮಲೆ’ ಎಂದೋ ಓದಿಯಾರು. ಇಂಗ್ಲಿಷ್ ಬಲ್ಲವರ ಕಣ್ಣಿಗೆ ಅದು ‘ಗಂಡು’ ಎಂಬ ಅರ್ಥದ ಮಾತಾಗಿ ತೋರುತ್ತದೆ. ಎಲ್ಲಕ್ಕಿಂತ ಸ್ವಾರಸ್ಯವಾದುದು ಅಡಕೆಯ ಹಾಳೆಯಿಂದ ಊಟದ ತಟ್ಟೆ ಮಾಡುವವರ ಪಾಡು. ‘ಹಾಳೆ ತಟ್ಟೆ’ ಎಂದು ಅವರು ಬರೆದುದನ್ನು ಪೇಟೆಯ ಗಿರಾಕಿ ‘ಹಳೇ ತಟ್ಟೆ’ ಎಂದು ಓದಿದರೆ ಮದುವೆಯ ಊಟಕ್ಕೆ ಕೊಂಡಾನೆಯೆ?

ಇನ್ನು ಆ ಶ್ರೀ ಲಕ್ಷ್ಮೀ ವೆಂಕಟೇಶ್ವರರ ಕಥೆ. ‘ಶ್ರೀ’ ಎಂಬುದನ್ನು ಮೂರು ಬಗೆಯಾಗಿ ಬರೆಯುವವರು ನಮ್ಮಲ್ಲಿದ್ದಾರೆ. ‘ಲಕ್ಷ್ಮಿ’ಯಲ್ಲಿ ಕೆ, ಎಸ್, ಎಚ್ ಎಂದು ಬಿಡಿಸಿ ಬರೆಯುವುದೊಂದು ಪದ್ಧತಿ, ಎಕ್ಸ್ ಹಾಕಿ ಮುಗಿಸುವುದೊಂದು ಪದ್ಧತಿ. ‘ವೆಂಕಟೇಶ್ವರ’ದಲ್ಲಿ ಶಕಾರಕ್ಕೆ ಎಚ್ ಉಂಟೋ ಇಲ್ಲವೋ, ವಕಾರಕ್ಕೆ ವಿ ಯೋ ಡಬ್ಲ್ಯೂ ಯೋ ಎಂದು ನಾಲ್ಕು ಬಗೆ. ಗುಣಿಸಿದರೆ 24 ರೂಪಗಳು! ಭಗವಂತನಿಗೆ ಸಹಸ್ರನಾಮಗಳಿದ್ದರೆ ಶೋಭೆ. ಅಂಗಡಿಗೆ ಒಂದೇ ಇರುವುದು ಲೇಸು.

ಹಾಗಾದರೆ ಕನ್ನಡವನ್ನು ಬಿಟ್ಟು ಇಂಗ್ಲಿಷಿನ ಹೆಸರಿಗೆ ಶರಣಾಗಬೇಕೆ? ಬೇಕಾಗಿಲ್ಲ. ಕೇಳಿದೊಡನೆ ಒಂದೇ ರೀತಿಯಲ್ಲಿ ಬರೆಯಬಹುದಾದ ಮಾತುಗಳು ಕನ್ನಡದಲ್ಲಿ ಬೇಕಾದಷ್ಟಿವೆ. ‘ಗುಬ್ಬಿ’, ‘ಬೆಲ್ಲ’, ‘ಸಿಹಿ’ ಇವನ್ನು ಎರಡು ಬಗೆಯಾಗಿ ಬರೆಯುವವರು ವಿರಳ. ಮಹಾಪ್ರಾಣ, ದೀರ್ಘ, ಶಷಗಳು, ವಕಾರ, ತಕಾರ ಇವನ್ನು ಆದಷ್ಟು ದೂರವಿಟ್ಟರೆ ಉಳಿಯುವುದು ಬಹುಮಟ್ಟಿಗೆ ಅಚ್ಚಕನ್ನಡದ ಪುಟ್ಟ ಪುಟ್ಟ ಮಾತುಗಳೇ. ಸಂಸ್ಕೃತದ ಗಂಭೀರ ಪದಗಳು ಈ ಪರೀಕ್ಷೆಯಲ್ಲಿ ಸೋಲುವುದನ್ನೂ ಅಡಿಗೆಮನೆಯ ಮಾತುಗಳು ಗೆಲ್ಲುವುದನ್ನೂ ಕಂಡು ಕನ್ನಡದ ಅಧ್ಯಾಪಕನಾದ ನನಗೆ ಒಳಗೊಳಗೇ ಸಂತೋಷವಾಯಿತೆಂದು ಹೇಳಲು ಸಂಕೋಚವಿಲ್ಲ. ಒಂಟಿ ಪದ ಸಿಗುವುದು ಮಾತ್ರ ದುರ್ಲಭ. ‘ಬೆಲ್ಲ’ವನ್ನೇ ತೆಗೆದುಕೊಳ್ಳಿ, ಇಟಲಿಯ ಭಾಷೆಯಲ್ಲಿ ಅದೇ ಅಕ್ಷರಗಳಿಗೆ ‘ಚೆಲುವೆ’ ಎಂದು ಅರ್ಥ. ಅಂಥದು ನಮಗಾಗಿ ಕಾದಿರುವುದುಂಟೆ? ಆದುದರಿಂದ ಎರಡು ಸರಳಪದಗಳನ್ನು ಜೋಡಿಸುವುದು ದಾರಿ. ಜೋಡಿಸಿದ ಮೇಲೆ ತೆರಪಿಲ್ಲದೆ ಬರೆದು, ಪದಚ್ಛೇದ ಬೇರೆಡೆಯಲ್ಲಿ ಬಿದ್ದು ಅನರ್ಥವಾಗುವುದೇ ಎಂಬುದನ್ನು ಮನೆಯ ಮಕ್ಕಳಿಂದ ಓದಿಸಿ ನೋಡಬೇಕು. ನಮ್ಮ ಬೀದಿಯ ಗೃಹಿಣಿ ಕೊನೆಗೆ ಆರಿಸಿದುದು ಅಂಥ ಒಂದು ಜೋಡಿಯನ್ನು. ಅದೇನೆಂದು ಇಲ್ಲಿ ಬರೆದರೆ ಜಾಹೀರಾತಾದೀತು.

ಅಡ್ಡಗೆರೆಯನ್ನೂ ಅಂಕೆಯನ್ನೂ ಹೆಸರಿನಲ್ಲಿ ತರದಿರುವುದು ಉತ್ತಮ. ಫೋನಿನಲ್ಲಿ ಅವನ್ನು ವಿವರಿಸಿ ಹೇಳುವಷ್ಟರಲ್ಲಿ ಗಿರಾಕಿಯ ಆಸಕ್ತಿ ಆರಿರುತ್ತದೆ. ಊರಿನ ಹೆಸರನ್ನು ಸೇರಿಸುವವರು ಒಂದು ಸಂಗತಿಯನ್ನು ನೆನೆಯಲಿ: 2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ಊರುಗಳ ಹೆಸರುಗಳು ಇಂಗ್ಲಿಷ್ ಬರೆವಣಿಗೆಯಲ್ಲಿ ಅಧಿಕೃತವಾಗಿ ಬದಲಾದುವು. ಹಳೆಯ ‘ಮೈಸೋರ್’ ಎಂದು ಬರೆಯುವ ಕೈಗಳೂ ಹೊಸ ‘ಮೈಸೂರು’ ಎಂದು ಬರೆಯುವ ಕೈಗಳೂ ಇಂದು ಜೊತೆಯಾಗಿಯೇ ಇವೆ. ಎರಡು ರೂಪಗಳನ್ನೂ ಕೊಂಡಿಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ದಾರಿ ಮಾಡಿಸಬಹುದು. ಖರ್ಚು ಮಾತ್ರ ಎರಡಾಗುತ್ತದೆ.

ಹೆಸರಿನ ಬಾಲದ ವಿಚಾರ ಇನ್ನೊಂದು. ಡಾಟ್ ಕಾಮ್ ಎಲ್ಲರ ಬಾಯಲ್ಲಿರುವುದು. ಭಾರತದ್ದು ಡಾಟ್ ಇನ್. 2005ರಲ್ಲಿ ಅದರ ನಿಯಮಗಳು ಸಡಿಲವಾದ ಮೇಲೆ ಸಣ್ಣ ವ್ಯಾಪಾರಿಗಳಿಗೂ ಅದು ಸುಲಭವಾಗಿ ದೊರೆಯುತ್ತಿದೆ. ಕರ್ನಾಟಕದಲ್ಲಿಯೇ ಮಾರುವವರಿಗೆ ಅದು ಯಾವ ವಿಧದಲ್ಲಿಯೂ ಕೀಳಲ್ಲ. ವಿಚಿತ್ರವಾದ ಬಾಲಗಳ ಮೋಹಕ್ಕೆ ಬೀಳುವ ಮುನ್ನ ಅಮೆರಿಕದ ಓವರ್‌ಸ್ಟಾಕ್ ಎಂಬ ದೊಡ್ಡ ಮಾರಾಟ ಸಂಸ್ಥೆಯ ಅನುಭವವನ್ನು ತಿಳಿಯಬೇಕು. 2011ರಲ್ಲಿ ಅದು ‘ಓ ಡಾಟ್ ಕೋ’ ಎಂದು ತನ್ನನ್ನು ಕರೆದುಕೊಂಡಿತು. ಜನ ಅಭ್ಯಾಸಬಲದಿಂದ ‘ಕೋ’ ಬದಲು ‘ಕಾಮ್’ ಎಂದು ಬರೆದು ದಾರಿತಪ್ಪಿದರು. ಸಂಸ್ಥೆ ಹಳೆಯ ಹೆಸರಿಗೇ ಮರಳಿತು. ಅಷ್ಟು ದೊಡ್ಡವರು ತಡೆದುಕೊಂಡ ಪೆಟ್ಟನ್ನು ಚಟ್ನಿಪುಡಿಯ ಅಂಗಡಿ ತಡೆದುಕೊಳ್ಳಲಾರದು. ಕನ್ನಡ ಲಿಪಿಯಲ್ಲಿಯೇ ಹೆಸರು ಬರೆದು ‘ಡಾಟ್ ಭಾರತ’ ಎಂದು ಮುಗಿಸುವ ಸೌಕರ್ಯವೂ ಇದೆ. ಒಳಗೆ ಯಂತ್ರ ಅದನ್ನು ಇಂಗ್ಲಿಷ್ ಅಕ್ಷರಗಳ ಒಂದು ಸರಪಣಿಯಾಗಿ ಮಾರ್ಪಡಿಸಿಕೊಳ್ಳುತ್ತದೆ. ಬೇಳೆಗೂ ಬೆಲೆಗೂ ಗೊಂದಲವಿಲ್ಲದಿರುವುದು ಅಲ್ಲಿ ಮಾತ್ರ! ಆದರೆ ಇಂಥ ವಿಳಾಸಗಳನ್ನು, ಮುಖ್ಯವಾಗಿ ಈ-ಮೇಲ್‌ನಲ್ಲಿ, ಇನ್ನೂ ಎಲ್ಲ ತಂತ್ರಾಂಶಗಳೂ ಸರಿಯಾಗಿ ಒಪ್ಪುವುದಿಲ್ಲ. ಈಗಿನ ಮಟ್ಟಿಗೆ ಅದನ್ನು ಎರಡನೆಯ ಫಲಕವಾಗಿ ಇಟ್ಟುಕೊಳ್ಳುವುದೇ ಜಾಣತನ.

ಪರರ ಹೆಸರಿಗೆ ಕೈಹಾಕುವವರಿಗೆ ನ್ಯಾಯಾಲಯದ ಮೆಟ್ಟಿಲು ಕಾದಿರುತ್ತದೆ. ಈ ವಿಷಯದಲ್ಲಿ ಭಾರತಕ್ಕೆಲ್ಲ ದಾರಿ ತೋರಿದ ಮೊಕದ್ದಮೆ ಆರಂಭವಾದುದು ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ. ಸತ್ಯಂ ಇನ್ಫೋವೇ ಕಂಪೆನಿಯವರು ‘ಸಿಫಿ’ ಎಂಬ ಹೆಸರನ್ನು ಬಳಸುತ್ತಿದ್ದರು. ಬೇರೊಂದು ಸಂಸ್ಥೆ ಒಂದು ಎಫ್ ಹೆಚ್ಚಿಗೆ ಸೇರಿಸಿ ಹೆಚ್ಚುಕಡಮೆ ಅದೇ ಹೆಸರನ್ನು ನೋಂದಾಯಿಸಿತು. ತಮ್ಮ ಪ್ರವರ್ತಕರ ಹೆಸರುಗಳ ಮೊದಲಕ್ಷರಗಳಿಂದ ಅದನ್ನು ಕಟ್ಟಿದೆವೆಂದು ಅವರ ವಾದ. ಬೆಂಗಳೂರಿನ ನ್ಯಾಯಾಲಯ ಅವರಿಗೆ ತಡೆಯಾಜ್ಞೆ ನೀಡಿತು, ಹೈಕೋರ್ಟು ಅದನ್ನು ತೆಗೆದುಹಾಕಿತು, 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮತ್ತೆ ಎತ್ತಿಹಿಡಿಯಿತು. ವ್ಯಾಪಾರಚಿಹ್ನೆಗೆ ದೊರೆಯುವ ರಕ್ಷಣೆ ಡೊಮೈನ್ ಹೆಸರಿಗೂ ಸಲ್ಲಬಹುದೆಂದು ಆಗ ತೀರ್ಮಾನವಾಯಿತು.

ಸ್ವಂತ ಹೆಸರಾದರೂ ನಿರ್ಭಯವಿಲ್ಲವೆಂಬುದಕ್ಕೆ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಕಂಪ್ಯೂಟರ್ ವ್ಯಾಪಾರ ಮಾಡುತ್ತಿದ್ದ ಊಜಿ ನಿಸ್ಸಾನ್ ನಿದರ್ಶನ. ತನ್ನ ಮನೆತನದ ಹೆಸರನ್ನೇ ಆತ 1994ರಲ್ಲಿ ಡಾಟ್ ಕಾಮ್ ಆಗಿ ನೋಂದಾಯಿಸಿದ್ದ. 1999ರಲ್ಲಿ ನಿಸ್ಸಾನ್ ಮೋಟಾರು ಕಂಪೆನಿ ಅವನ ಮೇಲೆ ದಾವೆ ಹೂಡಿತು. ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಆ ತಾಣದಲ್ಲಿ ಕಾರಿಗೆ ಸಂಬಂಧಪಟ್ಟ ಜಾಹೀರಾತುಗಳನ್ನು ಹಾಕಕೂಡದೆಂದಾಯಿತು. ಹೆಸರು ಮಾತ್ರ 2020ರಲ್ಲಿ ಆತ ತೀರಿಕೊಳ್ಳುವವರೆಗೂ ಆತನ ಬಳಿಯೇ ಉಳಿಯಿತು. ಗೆದ್ದನೆನ್ನಬೇಕೋ ಸೋತನೆನ್ನಬೇಕೋ ತಿಳಿಯದು. ವಕೀಲರಿಗೆ ತೆತ್ತ ಹಣದಲ್ಲಿ ಆತ ಎಷ್ಟೋ ಅಂಗಡಿಗಳನ್ನು ತೆರೆಯಬಹುದಾಗಿದ್ದಿತು. ಹೆಸರನ್ನು ಕೊಳ್ಳುವ ಮೊದಲೇ ವ್ಯಾಪಾರಚಿಹ್ನೆಗಳ ಸರ್ಕಾರಿ ದಾಖಲೆಯನ್ನು ಅಂತರ್ಜಾಲದಲ್ಲಿ ಹುಡುಕಿ ನೋಡಲು ಯಾವ ಶುಲ್ಕವೂ ಇಲ್ಲ.

ಇಷ್ಟೆಲ್ಲ ಎಚ್ಚರಿಕೆಯಿಂದ ಆರಿಸಿದ ಹೆಸರೂ ಕೈಬಿಟ್ಟುಹೋಗಬಲ್ಲುದು. ನನ್ನ ಪರಿಚಿತರಾದ ಪುಸ್ತಕ ವ್ಯಾಪಾರಿಯೊಬ್ಬರು ವೆಬ್‌ಸೈಟ್ ಮಾಡಿಕೊಟ್ಟ ಹುಡುಗನಿಗೇ ಡೊಮೈನಿನ ಹೊಣೆಯನ್ನೂ ಬಿಟ್ಟಿದ್ದರು. ಆತ ತನ್ನ ಹೆಸರಿನಲ್ಲಿ, ತನ್ನ ಈ-ಮೇಲ್ ವಿಳಾಸದಿಂದ ನೋಂದಾಯಿಸಿದ. ಮುಂದೆ ಆತ ಬೇರೆ ಉದ್ಯೋಗ ಹಿಡಿದು ಊರು ಬಿಟ್ಟ. ನವೀಕರಣದ ಸೂಚನೆಗಳು ಅವನ ಹಳೆಯ ಅಂಚೆಪೆಟ್ಟಿಗೆಯಲ್ಲಿ ಕೊಳೆತುವು. ಒಂದು ಬೆಳಿಗ್ಗೆ ತಾಣವಿರಲಿಲ್ಲ. ನಾಲ್ಕು ವರ್ಷಗಳ ಬಿಲ್ಲುಗಳ ಮೇಲೆ, ಚೀಲಗಳ ಮೇಲೆ ಅಚ್ಚಾಗಿದ್ದ ವಿಳಾಸ ಇನ್ನಾರದೋ ಪಾಲಾಗಿದ್ದಿತು. ಅವರು ಬೇಡಿದ ಬೆಲೆ ಈ ವ್ಯಾಪಾರಿಯ ಶಕ್ತಿಗೆ ಮೀರಿದುದು.

ಡೊಮೈನನ್ನು ಯಾರೂ ಮಾರುವುದಿಲ್ಲ, ಗೇಣಿಗೆ ಕೊಡುತ್ತಾರೆ ಎಂದರೆ ಸರಿಯಾದೀತು. ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷ. ಮೊದಲ ವರ್ಷದ ಅಗ್ಗದ ದರವನ್ನು ನೋಡಿ ಮರುಳಾಗದೆ ಎರಡನೆಯ ವರ್ಷದ ದರವನ್ನು ಕೇಳಬೇಕು. ನೋಂದಾವಣೆ ವ್ಯಾಪಾರದ ಯಜಮಾನರ ಹೆಸರಿನಲ್ಲಿಯೇ, ಅವರೇ ದಿನವೂ ನೋಡುವ ಈ-ಮೇಲ್ ಮತ್ತು ಫೋನ್ ಸಂಖ್ಯೆಗಳೊಡನೆ ಆಗಬೇಕು. ಗುಪ್ತಪದ ಮನೆಯ ಇಬ್ಬರಿಗೆ ತಿಳಿದಿರಬೇಕು. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಮೇಲೂ ಸಾಮಾನ್ಯವಾಗಿ ಕೆಲವು ವಾರಗಳ ರಿಯಾಯಿತಿ ಉಂಟು. ಅದೂ ಕಳೆದ ಮೇಲೆ ಹೆಚ್ಚಿನ ದಂಡ ತೆತ್ತು ಬಿಡಿಸಿಕೊಳ್ಳಲು 30 ದಿನ. ಆಮೇಲೆ ಐದು ದಿನ ಕಳೆದರೆ ಅದು ಮತ್ತೆ ಸಂತೆಗೆ ಬರುತ್ತದೆ. ಎಷ್ಟೋ ವೇಳೆ ಸಂತೆಗೆ ಬರುವ ಮೊದಲೇ ಹರಾಜಿಗೆ ಹೋಗುವುದೂ ಉಂಟು.

ಮರೆವು ಸಣ್ಣವರಿಗೆ ಮಾತ್ರ ಮೀಸಲಲ್ಲ. 1999ರ ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ ಮೈಕ್ರೋಸಾಫ್ಟ್ ಕಂಪೆನಿಯವರೇ ತಮ್ಮ ‘ಪಾಸ್‌ಪೋರ್ಟ್ ಡಾಟ್ ಕಾಮ್’ ಹೆಸರಿನ ಹಣ ಕಟ್ಟಲು ಮರೆತಿದ್ದರು. ಹಾಟ್‌ಮೇಲ್ ಅಂಚೆಯನ್ನು ತೆರೆಯಲಾರದೆ ಜನ ಪರದಾಡಿದರು. ಕಡೆಗೆ ಕಂಪೆನಿಗೆ ಯಾವ ಸಂಬಂಧವೂ ಇಲ್ಲದ ಒಬ್ಬ ಪ್ರೋಗ್ರಾಮರ್ ಕಾರಣವನ್ನು ಪತ್ತೆಹಚ್ಚಿ, ಬಾಕಿಯಿದ್ದ 35 ಡಾಲರುಗಳನ್ನು ತನ್ನ ಕ್ರೆಡಿಟ್ ಕಾರ್ಡಿನಿಂದಲೇ ಕಟ್ಟಿಬಿಟ್ಟ.