ಮನೆ ತುಂಬ ಹಾಡು ಬೇಕೆಂದರೆ ಮೊದಲು ಗೋಡೆ ನೋಡಿ

‘ವೈರ್‌ಲೆಸ್’ ಅಂತ ಡಬ್ಬಿಯ ಮೇಲೆ ಎಷ್ಟೇ ದೊಡ್ಡ ಅಕ್ಷರದಲ್ಲಿ ಬರೆದಿದ್ದರೂ ಈ ಸ್ಪೀಕರ್‌ಗಳಲ್ಲಿ ಹೆಚ್ಚಿನವಕ್ಕೆ ಒಂದು ವೈರು ಬೇಕೇ ಬೇಕು. ಅದು ಕರೆಂಟಿನ ವೈರು. ಸ್ಪೀಕರ್ ಇಡುವ ಪ್ರತಿ ಕೋಣೆಯಲ್ಲೂ ಹತ್ತಿರದಲ್ಲೇ ಪ್ಲಗ್ ಪಾಯಿಂಟ್ ಇರಬೇಕು. ಇಲ್ಲದಿದ್ದರೆ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು, ಬಾಗಿಲಲ್ಲಿ ಎಲ್ಲರ ಕಾಲಿಗೆ ತೊಡರುವಂತಾಗುತ್ತದೆ. ಅಂಗಡಿಯವರು ಸೌಂಡಿನ ಬಗ್ಗೆ ಹೇಳುತ್ತಾರೆ, ಬಣ್ಣದ ಬಗ್ಗೆ ಹೇಳುತ್ತಾರೆ, ಇಎಂಐ ಬಗ್ಗೆಯಂತೂ ಹೇಳೇ ಹೇಳುತ್ತಾರೆ. ನಿಮ್ಮ ಮನೆ ಹೇಗಿದೆ ಅಂತ ಮಾತ್ರ ಕೇಳುವುದಿಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕು.

ಈ ವರ್ಷ ನಮ್ಮ ಬಳಗದ ಮೂರು ಮನೆಗಳಿಗೆ ಹಾಡಿನ ವ್ಯವಸ್ಥೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ತವರುಮನೆ ಅಫಜಲಪುರ ತಾಲೂಕಿನ ಭೀಮಾ ದಂಡೆಯ ಒಂದು ಹಳ್ಳಿ. ನನ್ನನ್ನು ಕೊಟ್ಟಿದ್ದು ಆಳಂದಕ್ಕೆ. ತಂಗಿ ಜೇವರ್ಗಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ತೊಗರಿ ಮಾರಿ ಕೈಯಲ್ಲಿ ನಾಕು ದುಡ್ಡು ಬಂದಾಗ ಪುಣೆಯಲ್ಲಿರುವ ತಮ್ಮ ಫೋನ್ ಮಾಡಿದ. ‘ಅಕ್ಕಾ, ಮೂರೂ ಮನಿಗಿ ಒಂದೇ ಕಂಪನಿದು ತಗೊಳ್ಳೋಣು. ಎಲ್ಲಾ ಖೋಲ್ಯಾಗೂ ಹಾಡ ಬರ್ತದ, ಅಪ್ಪಗ ಹೊತ್ತು ಹೋಗ್ತದ’ ಅಂದ.

ಅವನು ಹೇಳಿದ್ದರಲ್ಲಿ ಕೊನೆಯ ಮಾತೇ ಮುಖ್ಯ. ಗ್ಲಾಕೋಮಾದಿಂದ ಅಪ್ಪನ ಎರಡೂ ಕಣ್ಣು ಹೋಗಿ ಎರಡು ವರ್ಷವಾಯಿತು. ಸೊಲ್ಲಾಪುರದ ಡಾಕ್ಟರು, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಅಂತ ತಿಳಿಸಿ ಹೇಳಿದ್ದಾರೆ. ಹೊಲ, ಕಟ್ಟೆ, ಭಜನೆ ಅಂತ ತಿರುಗುತ್ತಿದ್ದ ಮನುಷ್ಯ ಈಗ ಪಡಸಾಲೆಯ ಮಂಚದ ಮೇಲೆ. ಅವರಿಗೆ ಹೊತ್ತು ಹೋಗುವುದು ಕಿವಿಯಿಂದಲೇ. ಆದ್ದರಿಂದ ಇದು ಮನೆಗೆ ಒಂದು ಶೋಕಿ ಸಾಮಾನು ತರುವ ಮಾತಾಗಿರಲಿಲ್ಲ.

ಏನಿದು ಮಲ್ಟಿ ರೂಮ್?

ಒಂದೇ ಹಾಡನ್ನು ಹಲವು ಕೋಣೆಗಳಲ್ಲಿ ಏಕಕಾಲಕ್ಕೆ, ಅಥವಾ ಒಂದೊಂದು ಕೋಣೆಯಲ್ಲಿ ಬೇರೆ ಬೇರೆ ಹಾಡನ್ನು ಕೇಳಿಸುವ ವ್ಯವಸ್ಥೆಗೆ ಈ ಹೆಸರು. ಅಮೆರಿಕದ ಸೋನೋಸ್ ಕಂಪನಿ 2005ರಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ತಂದು ಹೆಸರು ಮಾಡಿತು. ಈಗ ಅಮೆಜಾನ್‌ನ ಅಲೆಕ್ಸಾ ಸ್ಪೀಕರ್, ಗೂಗಲ್‌ನ ನೆಸ್ಟ್ ಸ್ಪೀಕರ್, ಆ್ಯಪಲ್‌ನ ಏರ್‌ಪ್ಲೇ 2 ಇರುವ ಸ್ಪೀಕರ್‌ಗಳೂ ಈ ಕೆಲಸ ಮಾಡುತ್ತವೆ.

ಬ್ಲೂಟೂತ್ ಸ್ಪೀಕರ್ ಬೇರೆ, ವೈಫೈ ಸ್ಪೀಕರ್ ಬೇರೆ. ಬ್ಲೂಟೂತ್‌ನಲ್ಲಿ ಹಾಡು ನಿಮ್ಮ ಫೋನಿನಿಂದ ನೇರ ಸ್ಪೀಕರಿಗೆ ಹೋಗುತ್ತದೆ. ಬಯಲಿನಲ್ಲಿ ಸುಮಾರು ಹತ್ತು ಮೀಟರ್ ಅಂತ ಲೆಕ್ಕ, ನಡುವೆ ಗೋಡೆ ಬಂದರೆ ಇನ್ನೂ ಕಡಿಮೆ. ಫೋನ್ ಹಿಡಿದುಕೊಂಡು ನೀವು ಹೊರಗೆ ಹೋದರೆ ಹಾಡೂ ನಿಲ್ಲುತ್ತದೆ. ಯಾರಾದರೂ ಫೋನ್ ಮಾಡಿದರೆ ಹಾಡಿನ ನಡುವೆ ರಿಂಗು. ವೈಫೈ ಸ್ಪೀಕರ್‌ಗಳಲ್ಲಿ ಹೆಚ್ಚಿನವು ಹಾಗಲ್ಲ. ಯಾವ ಹಾಡು ಅಂತ ಫೋನ್ ತಿಳಿಸಿದರೆ ಸಾಕು, ಸ್ಪೀಕರ್ ತಾನೇ ನೆಟ್‌ನಿಂದ ಎಳೆದುಕೊಳ್ಳುತ್ತದೆ.

ಎರಡನೆಯದು ತಾಳ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಪಡಸಾಲೆಯ ಸ್ಪೀಕರಿಗೂ ಅಡಿಗೆಮನೆಯ ಸ್ಪೀಕರಿಗೂ ಸೆಕೆಂಡಿನ ಹತ್ತನೇ ಒಂದು ಭಾಗ ಹಿಂದೆಮುಂದೆ ಆದರೂ, ನಡುವೆ ನಿಂತವರಿಗೆ ಬಾವಿಯಲ್ಲಿ ಕೂಗಿದಂತೆ ಎರಡೆರಡು ಸಲ ಕೇಳುತ್ತದೆ. ಒಳ್ಳೆಯ ಮಲ್ಟಿ ರೂಮ್ ವ್ಯವಸ್ಥೆಯಲ್ಲಿ ಎಲ್ಲ ಸ್ಪೀಕರ್‌ಗಳೂ ಗಡಿಯಾರ ಹೊಂದಿಸಿಕೊಂಡಂತೆ ಸಮಯ ಕೂಡಿಸಿಕೊಂಡು ನುಡಿಯುತ್ತವೆ. ದುಡ್ಡು ಕೊಡುವುದು ಮುಖ್ಯವಾಗಿ ಇದಕ್ಕೇ. ಬೇರೆ ಬೇರೆ ಕಂಪನಿಯ ಸ್ಪೀಕರ್ ತಂದು ಜೋಡಿಸಿದರೆ ಈ ತಾಳ ಕೂಡುವುದು ಕಷ್ಟ.

ಆಳಂದ: ಮೊದಲು ನೆಟ್, ಆಮೇಲೆ ಸ್ಪೀಕರ್

ನಮ್ಮದು ಕೆಳಗೂ ಮೇಲೂ ಇರುವ ಆರ್‌ಸಿಸಿ ಮನೆ. ಫೈಬರ್ ನೆಟ್ ಇದೆ, ಆದರೆ ರೂಟರ್ ಇರುವುದು ಕೇಬಲ್ ಒಳಗೆ ಬರುವ ಮುಂದಿನ ಕಿಟಕಿಯ ಹತ್ತಿರ. ಏನನ್ನೂ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಖರ್ಚಿಲ್ಲದ್ದು, ನೀವೂ ಮಾಡಬಹುದು. ಫೋನಿನಲ್ಲಿ ಮೊಬೈಲ್ ಡೇಟಾ ಬಂದ್ ಮಾಡಿ, ವೈಫೈನಲ್ಲಿ ಒಂದು ವಿಡಿಯೊ ಹಚ್ಚಿ, ಬಾಗಿಲು ಹಾಕಿಕೊಂಡು, ಸ್ಪೀಕರ್ ಇಡಬೇಕೆಂದಿರುವ ಪ್ರತಿ ಜಾಗದಲ್ಲೂ ಐದು ನಿಮಿಷ ನಿಲ್ಲಿ. ವಿಡಿಯೊ ಎಲ್ಲಿ ತಡವರಿಸುತ್ತದೋ ಅಲ್ಲಿ ಹಾಡೂ ತಡವರಿಸುತ್ತದೆ. ನಮ್ಮಲ್ಲಿ ಹಾಲ್ ಪಾಸು, ಅಡಿಗೆಮನೆ ಅರ್ಧ ಪಾಸು, ಮೇಲಿನ ಮಕ್ಕಳ ಕೋಣೆ ಪೂರ್ತಿ ಫೇಲು.

ವೈಫೈಗೆ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ದಾರಿಗಳಿವೆ. 5ರಲ್ಲಿ ವೇಗ ಜಾಸ್ತಿ, ಆದರೆ ಗೋಡೆ ದಾಟುವುದರಲ್ಲಿ 2.4 ಗಟ್ಟಿ. ಹಾಡಿಗೆ ವೇಗಕ್ಕಿಂತ ಕಡಿಯದೆ ಬರುವುದು ಮುಖ್ಯ. 320 ಕಿಲೋಬಿಟ್‌ನ ಒಳ್ಳೆಯ ಗುಣಮಟ್ಟದ ಹಾಡು ಒಂದು ಗಂಟೆ ಕೇಳಿದರೆ ಖರ್ಚಾಗುವುದು 144 ಎಂಬಿ ಅಷ್ಟೇ. ಅದಕ್ಕೇ ದೊಡ್ಡ ಪ್ಲ್ಯಾನಿಗೆ ಹೋಗಲಿಲ್ಲ. ಮೆಟ್ಟಿಲ ಹತ್ತಿರ ಇಡಲು ಇನ್ನೊಂದು ವೈಫೈ ಪೆಟ್ಟಿಗೆ ತಂದೆವು, ಮೆಶ್ ಅನ್ನುತ್ತಾರೆ. ರೂಟರ್, ಈ ಪೆಟ್ಟಿಗೆ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿದೆವು. ಆಮೇಲಷ್ಟೇ ಮೂರು ಸಣ್ಣ ಸ್ಪೀಕರ್ ಬಂದವು: ಹಾಲ್‌ಗೆ, ಅಡಿಗೆಮನೆಗೆ, ಮೇಲಿನ ಕೋಣೆಗೆ.

ನಾಲ್ಕನೆಯದು ಅತ್ತೆಯವರ ಕೋಣೆಗೆ ಅಂದುಕೊಂಡಿದ್ದೆ. ಅವರು ಕೈಮುಗಿದುಬಿಟ್ಟರು. ‘ನನ್ನ ಖೋಲ್ಯಾಗ ಏನೂ ಇಡಬ್ಯಾಡವ್ವಾ. ಪೂಜಾ ಮಾಡಿ ಒಂದೀಟ ಸುಮ್ಮ ಕೂಡ್ತೀನಿ, ಅಷ್ಟು ಬಿಡು’ ಅಂದರು. ಅವರು ಹೇಳಿದ್ದು ಸರಿ. ಮನೆ ತುಂಬ ಹಾಡು ಅಂದರೆ ಮನೆಯಲ್ಲಿ ಎಲ್ಲರೂ ಕೇಳಲೇಬೇಕು ಅಂತಲ್ಲ. ಆ್ಯಪ್‌ನಲ್ಲಿ ಕೋಣೆಗಳ ಗುಂಪು ಮಾಡುವಾಗ ‘ಕೆಳಗೆ’, ‘ಮೇಲೆ’, ‘ಎಲ್ಲಾ’ ಅಂತ ಬೇರೆ ಬೇರೆ ಗುಂಪು ಮಾಡಿಡಿ. ಪರೀಕ್ಷೆಗೆ ಓದುವ ಮಗಳ ಕೋಣೆಯಲ್ಲಿ ನಮ್ಮ ಬೆಳಗಿನ ವಚನ ಗಾಯನ ಬೇಡ, ಅಡಿಗೆಮನೆಯಲ್ಲಿ ಅವಳ ರ‍್ಯಾಪ್ ಬೇಡ.

ಇನ್ನೆರಡು ಮಾತು. ಮಾತು ಕೇಳುವ ಸ್ಪೀಕರ್‌ಗೆ ಮೈಕ್ ಇರುತ್ತದೆ. ಅದನ್ನು ಬಂದ್ ಮಾಡುವ ಬಟನ್ ಎಲ್ಲಿದೆ ಅಂತ ಮೊದಲ ದಿನವೇ ಮನೆಯವರಿಗೆಲ್ಲ ತೋರಿಸಿ. ಮಲಗುವ ಕೋಣೆಗೆ ಮೈಕ್ ಇಲ್ಲದ ಸ್ಪೀಕರೇ ಒಳ್ಳೆಯದು. ಎರಡನೆಯದು, ಅಲೆಕ್ಸಾ ಜೊತೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತಾಡಬೇಕು, ಕನ್ನಡದಲ್ಲಿ ಆಜ್ಞೆ ಕೊಟ್ಟರೆ ನಡೆಯುವುದಿಲ್ಲ. ನಮ್ಮ ಕಡೆಯ ಹಿರಿಯರಿಗೆ ಇದು ಸಣ್ಣ ತೊಡಕಲ್ಲ.

ಜೇವರ್ಗಿ: ಗಂಟುಮೂಟೆಯೊಳಗೆ ಹೋಗುವಂಥದ್ದು

ತಂಗಿ ನರ್ಸ್. ಬಾಡಿಗೆ ಮನೆ, ಎರಡೇ ಕೋಣೆ, ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕು. ವರ್ಗವಾದರೆ ಎಲ್ಲಿಗೋ. ಮನೆಯಲ್ಲಿ ರೂಟರೇ ಇಲ್ಲ, ಇಬ್ಬರ ಫೋನಿನ ಡೇಟಾ ಅಷ್ಟೇ. ದಿನಕ್ಕೆ ಒಂದೂವರೆ ಜಿಬಿಯಲ್ಲಿ ಹತ್ತು ಗಂಟೆ ಹಾಡು ಕೇಳಬಹುದು. ಇಂಥ ಮನೆಗೆ ವೈಫೈ ವ್ಯವಸ್ಥೆ ಬೇಕಿಲ್ಲ. ಒಂದಕ್ಕೊಂದು ಜೋಡಿಯಾಗುವ, ಬ್ಯಾಟರಿ ಇರುವ, ಒಂದೇ ಕಂಪನಿಯ ಎರಡು ಬ್ಲೂಟೂತ್ ಸ್ಪೀಕರ್ ಸಾಕು. ನೈಟ್ ಡ್ಯೂಟಿ ಮುಗಿಸಿ ಮಲಗಿದಾಗ ಒಂದನ್ನು ಬಂದ್ ಮಾಡಿದರೆ ಆಯಿತು.

ಈಗ ಹೊಸದಾಗಿ ಬರುತ್ತಿರುವ ಕೆಲವು ಸ್ಪೀಕರ್‌ಗಳ ಮೇಲೆ ‘ಆರಾಕಾಸ್ಟ್’ ಅಂತ ಬರೆದಿರುತ್ತದೆ. ಒಂದೇ ಕಡೆಯಿಂದ ಎಷ್ಟು ಸ್ಪೀಕರಿಗಾದರೂ ಹಾಡು ಹಂಚುವ ಬ್ಲೂಟೂತಿನ ಹೊಸ ಪದ್ಧತಿ ಅದು, 2022ರಲ್ಲಿ ಈ ಹೆಸರಿನಿಂದ ಹೊರಬಂತು. ಕೊಳ್ಳುವ ಮುಂಚೆ ಅಂಗಡಿಯಲ್ಲಿಯೇ ಎರಡನ್ನೂ ಜೋಡಿಸಿ, ಒಂದನ್ನು ಒಳಗಿನ ಕೋಣೆಯಲ್ಲಿಟ್ಟು ಕೇಳಿ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಲ್ಲಿ ಬ್ಯಾಟರಿ ಸ್ಪೀಕರನ್ನು ಕಿಟಕಿಯ ಕಟ್ಟೆಯ ಮೇಲೆ ಬಿಡಬೇಡಿ. ಲಿಥಿಯಂ ಬ್ಯಾಟರಿಗೆ ಬಿಸಿಲೇ ವೈರಿ.

ಅಫಜಲಪುರ: ಯಾವ ಆ್ಯಪ್‌ನಲ್ಲೂ ಇಲ್ಲದ ಹಾಡು

ಕಷ್ಟವಾದದ್ದು ತವರುಮನೆಯದೇ. ಕಲ್ಲು ಮಣ್ಣಿನ ಮಾಳಿಗೆ ಮನೆ, ಎರಡು ಅಡಿ ದಪ್ಪದ ಗೋಡೆ, ಕೆಳಗೆ ಶಹಾಬಾದಿ ಫರಸಿ. ಮೊಬೈಲ್ ಸಿಗ್ನಲ್ ಅಂಗಳಕ್ಕೆ ಬಂದರೆ ಬಂತು, ಒಳಗೆ ಇಲ್ಲ. ತಮ್ಮ ಹೇಳಿದ ವ್ಯವಸ್ಥೆ ಹಾಕಿದ್ದರೆ ಪ್ರತಿ ಕೋಣೆಗೂ ಒಂದೊಂದು ವೈಫೈ ಪೆಟ್ಟಿಗೆ ಬೇಕಾಗುತ್ತಿತ್ತು.

ಅದಕ್ಕಿಂತ ದೊಡ್ಡ ಪ್ರಶ್ನೆ, ಅಪ್ಪನಿಗೆ ಬೇಕಾದ ಹಾಡು ಯಾವುದು ಅನ್ನುವುದು. ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲೂಕಿಗೆ ಸೇರಿದ ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ನಮ್ಮ ಕಡೆಯ ಭಜನಾ ಮೇಳಗಳು ಇಂದಿಗೂ ರಾತ್ರಿಯಿಡೀ ಹಾಡುತ್ತವೆ. ಅಪ್ಪ ಅಂಥ ಒಂದು ಮೇಳದಲ್ಲಿ ಏಕತಾರಿ ಹಿಡಿದವರು. ಅವರ ಮೇಳದ ಹಾಡು ಹದಿನಾಲ್ಕು ಕ್ಯಾಸೆಟ್‌ಗಳಲ್ಲಿ ಇದ್ದವು. ಜೊತೆಗೆ ಹಾಡಿದವರಲ್ಲಿ ಈಗ ಇಬ್ಬರು ಮಾತ್ರ ಉಳಿದಿದ್ದಾರೆ. ತಮ್ಮನೇ ಅವುಗಳನ್ನು ಪುಣೆಗೆ ಒಯ್ದು ಎಂಪಿ3 ಮಾಡಿಸಿ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದ. ಈ ಹಾಡು ದುಡ್ಡು ಕೊಟ್ಟರೂ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಆದ್ದರಿಂದ ಅಂಗಡಿಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ: ‘ಇದಕ್ಕೆ ಪೆನ್‌ಡ್ರೈವ್ ಹಾಕಬಹುದಾ? ನೆಟ್ ಇಲ್ಲದಾಗ ಹಾಡ್ತದಾ?’ ಸಣ್ಣ ಸ್ಮಾರ್ಟ್ ಸ್ಪೀಕರ್‌ಗಳಿಗೆ ಪೆನ್‌ಡ್ರೈವ್ ಜಾಗವೇ ಇರುವುದಿಲ್ಲ. ನೆಟ್ ಹೋದರೆ ಅವುಗಳ ಬಹುಪಾಲು ಕೆಲಸ ನಿಲ್ಲುತ್ತದೆ. ಕಂಪನಿಯವರು ತಮ್ಮ ಸರ್ವರ್ ಬಂದ್ ಮಾಡಿದರೂ, ಆ ಸಾಮಾನನ್ನೇ ಕೈಬಿಟ್ಟರೂ ನಾವು ಏನೂ ಮಾಡುವಂತಿಲ್ಲ. ಗೂಗಲ್ 2015ರಲ್ಲಿ ಹಳೇ ಸ್ಪೀಕರ್‌ಗಳನ್ನು ವೈಫೈಗೆ ಜೋಡಿಸುವ ಕ್ರೋಮ್‌ಕಾಸ್ಟ್ ಆಡಿಯೊ ತಂದಿತ್ತು. ಬಹಳ ಜನ ಮೆಚ್ಚಿದ ಸಾಮಾನು. 2019ರ ಹೊತ್ತಿಗೆ ತಯಾರಿಕೆಯೇ ನಿಂತಿತು.

ಅವ್ವನ ಮಾತೂ ಇತ್ತು. ‘ನನಗ ಫೋನಿನ್ಯಾಗ ಒತ್ತಲಾಕ ಬರಾಂಗಿಲ್ಲ. ತಿರುವೋ ಗುಂಡಿ ಇದ್ರ ತರ್ರಿ, ಇಲ್ಲಾಂದ್ರ ರೊಕ್ಕ ಇಟಗೋರಿ’ ಅಂದಳು.

ಕೊನೆಗೆ ದಾರಿ ತೋರಿಸಿದ್ದು ಜಾತ್ರೆಗೆ ಮೈಕ್ ಸೆಟ್ ಹಾಕುವ ನಮ್ಮೂರ ಕಾಕಾ. ಪೆನ್‌ಡ್ರೈವ್, ಎಫ್‌ಎಂ, ಬ್ಲೂಟೂತ್ ಮೂರೂ ಇರುವ ಒಂದು ಆಂಪ್ಲಿಫೈಯರ್ ಅಪ್ಪನ ಮಂಚದ ಪಕ್ಕದಲ್ಲಿ. ಅಲ್ಲಿಂದ ವೈರ್ ಎಳೆದು ಪಡಸಾಲೆ, ಅಡಿಗೆಮನೆ, ಅಂಗಳದ ಕಟ್ಟೆಗೆ ಒಂದೊಂದು ಸ್ಪೀಕರ್. ಶಾಲೆ, ಗುಡಿಗಳಲ್ಲಿ ಹಾಕುವ 100 ವೋಲ್ಟ್ ಲೈನ್ ಪದ್ಧತಿ ಇದು. ಉದ್ದ ವೈರಿಗೆ ಹೊಂದುತ್ತದೆ, ಪ್ರತಿ ಸ್ಪೀಕರಿಗೂ ಗೋಡೆಯ ಮೇಲೆ ಫ್ಯಾನ್ ರೆಗ್ಯುಲೇಟರಿನಂಥ ಗುಂಡಿ ಹಾಕಬಹುದು. ಇದರಲ್ಲಿ ಲೈನಿಗೆಂದೇ ಮಾಡಿದ ಸ್ಪೀಕರ್ ಮತ್ತು ಆಂಪ್ಲಿಫೈಯರ್ ಇರಬೇಕು. ಮನೆಯ ಸಾದಾ ಆಂಪ್ಲಿಫೈಯರಿಗೆ ಸ್ಪೀಕರ್ ಮೇಲೆ ಸ್ಪೀಕರ್ ಜೋಡಿಸುತ್ತಾ ಹೋದರೆ ಓಮ್ ಲೆಕ್ಕ ಕೆಳಗಿಳಿದು ಅದು ಸುಟ್ಟುಹೋಗಬಹುದು. ಆದ್ದರಿಂದ ತಿಳಿದವರಿಂದಲೇ ಮಾಡಿಸಿ.

ತಮ್ಮ ಮೊದಲು ಮುಖ ಸಣ್ಣದು ಮಾಡಿದ. ‘ಅಕ್ಕಾ, ಈ ಕಾಲದಾಗ ವೈರ್ ಎಳಿತಾರೇನ?’ ಅಂದ. ‘ಅಪ್ಪಗ ಬೇಕಾದ್ದು ಅಪ್ಪನ ಹಾಡು. ವೈರ್ ಅದನೋ ಇಲ್ಲೋ ಅವರಿಗಿ ಏನು ಕಾಣ್ತದಪಾ?’ ಅಂದೆ. ಅವನು ಸುಮ್ಮನಾದ. ಅವನು ಲೆಕ್ಕ ಹಾಕಿದ್ದ ದುಡ್ಡಿನ ಮೂರನೇ ಒಂದು ಭಾಗದಲ್ಲಿ ಕೆಲಸ ಮುಗಿಯಿತು. ಉಳಿದದ್ದನ್ನು ಅಪ್ಪನ ಔಷಧದ ಖರ್ಚಿಗೆ ಅವ್ವನ ಖಾತೆಯಲ್ಲಿಟ್ಟ. ಬರಿಯ ಫರಸಿಯ ಮೇಲೆ ಶಬ್ದ ಗುಂಯ್ ಅನ್ನುತ್ತಿತ್ತು. ಅವ್ವ ನೆಲಕ್ಕೆ ಜಮಖಾನೆ, ಹಗ್ಗದ ಮೇಲೆ ಎರಡು ಕೌದಿ ಹಾಕಿದಳು. ಅದೂ ಕಡಿಮೆಯಾಯಿತು.

ಕೊಳ್ಳುವ ಮುಂಚೆ

ಓದುಗರೇ, ನಿಮ್ಮ ಮನೆಗೆ ಯಾವ ಕಂಪನಿಯದು ಒಳ್ಳೆಯದು ಅಂತ ನಾನು ಹೇಳಲಾರೆ. ಆದರೆ ಈ ಐದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡು ಅಂಗಡಿಗೆ ಹೋಗಿ. ಮನೆಯ ಗೋಡೆ ಎಂಥದ್ದು, ನೆಟ್ ಎಲ್ಲಿವರೆಗೆ ಬರುತ್ತದೆ? ಕರೆಂಟ್ ಹೋದಾಗ ಯಾವುದು ನಡೆಯಬೇಕು? ನಿಮಗೆ ಬೇಕಾದ ಹಾಡು ಆ್ಯಪ್‌ನಲ್ಲಿದೆಯೋ, ಮನೆಯ ಪೆಟ್ಟಿಗೆಯಲ್ಲಿದೆಯೋ? ಯಾವ ಕೋಣೆಗೆ ಹಾಡು ಬೇಡ? ದಿನಾ ಅದನ್ನು ಹಚ್ಚುವವರು ಯಾರು? ಕೊನೆಯ ಪ್ರಶ್ನೆಗೆ ಉತ್ತರವಾಗಿರುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವರ ಕೈಯಿಂದಲೇ ಹಚ್ಚಿಸಿ, ಬಂದ್ ಮಾಡಿಸಿ ನೋಡಿ. ಒಮ್ಮೆಗೇ ಇಡೀ ಮನೆಗೆ ಕೊಳ್ಳಬೇಡಿ. ಎರಡು ಕೋಣೆಗೆ ತಂದು, ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಬಳಸಿ ನೋಡಿ, ಆಮೇಲೆ ಮೂರನೆಯದು.

ಆಂಪ್ಲಿಫೈಯರಿನ ಆನ್ ಬಟನ್ ಮೇಲೆ ಒಂದು ಮಣಿ ಅಂಟಿಸಿದ್ದೇವೆ, ಕೈಗೆ ಸಿಗಲಿ ಅಂತ. ಅಪ್ಪ ಈಗ ಯಾರನ್ನೂ ಕರೆಯುವುದಿಲ್ಲ. ನಸುಕಿನಲ್ಲಿ ಎದ್ದು ತಾವೇ ಹಚ್ಚುತ್ತಾರೆ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಅವ್ವ, ‘ಇದು ನೀವಾ, ಶರಣಪ್ಪ ಮಾಮಾನಾ?’ ಅಂತ ಅಲ್ಲಿಂದಲೇ ಕೂಗಿ ಕೇಳುತ್ತಾಳೆ. ಅಪ್ಪ ಗುಂಡಿ ತಿರುವಿ ದನಿ ಸಣ್ಣದು ಮಾಡಿ, ಯಾರು ಯಾವ ನುಡಿ ಹಾಡಿದರು, ಆವತ್ತು ಯಾವ ಊರಲ್ಲಿ ಭಜನೆ ಇತ್ತು ಅಂತ ಹೇಳಲು ಶುರು ಮಾಡುತ್ತಾರೆ.